ಒಡೆದ ಬೀಡು ಕಬ್ಬಿಣದ ಎಂಜಿನ್ ಭಾಗ: ನಿಕ್ಕಲ್ ರಾಡೋ, ಗ್ಯಾಸೋ, ಹಿತ್ತಾಳೆಯೋ, ಹೊಲಿಗೆಯೋ?

ಪಂಪ್‌ಸೆಟ್ ಎಂಜಿನ್ನಿನ ಬ್ಲಾಕು, ಟ್ರ್ಯಾಕ್ಟರಿನ ಹೆಡ್ಡು, ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡು, ಗೇರ್‌ಬಾಕ್ಸ್ ಹೌಸಿಂಗು. ಇವುಗಳಲ್ಲಿ ಯಾವುದು ಬಿರುಕು ಬಿಟ್ಟರೂ ಮಾಲೀಕರು ಕೇಳುವ ಮೊದಲ ಮಾತು ‘ವೆಲ್ಡಿಂಗ್ ಆಗುತ್ತಾ?’ ಎಂದು. ಹೆಚ್ಚಿನ ಭಾಗಗಳಿಗೆ ಆಗುತ್ತದೆ. ಆದರೆ ಯಾವ ಬೆಸುಗೆ ಎಂಬುದನ್ನು ಮೊದಲ ಸಲವೇ ಸರಿಯಾಗಿ ಆರಿಸಬೇಕು, ಏಕೆಂದರೆ ತಪ್ಪು ಬೆಸುಗೆ ಮುಂದಿನ ದಾರಿಗಳನ್ನೂ ಮುಚ್ಚಿಬಿಡುತ್ತದೆ. ಹಿತ್ತಾಳೆ ಇಳಿದ ಜಾಗದಲ್ಲಿ ಆಮೇಲೆ ಆರ್ಕ್ (ಕರೆಂಟಿನ ವೆಲ್ಡಿಂಗ್) ಹೊಡೆದರೆ ತಾಮ್ರ, ಸತು ಬೆರೆತು ಬೆಸುಗೆ ತೂತುತೂತಾಗುತ್ತದೆ. ಮಾಮೂಲಿ ಸ್ಟೀಲ್ ರಾಡ್ ಎಳೆದ ಜಾಗ ಡ್ರಿಲ್ ಬಿಟ್ಟಿಗೂ ಜಗ್ಗದಷ್ಟು ಗಡುಸಾಗಿ ಕೂರುತ್ತದೆ. ಎರಡು ಮೂರು ಕೈ ದಾಟಿ ಬಂದ ಬ್ಲಾಕನ್ನು ಕೊನೆಗೆ ಗುಜರಿಗೆ ಹಾಕಬೇಕಾಗುವುದು ಬಹುಪಾಲು ಮೊದಲ ಕೈಯ ಕೆಲಸದಿಂದ.

ಆದ್ದರಿಂದ ರಾಡಿನ ಬೆಲೆ ಕೇಳುವ ಮೊದಲು ಕೇಳಬೇಕಾದ್ದು ಬೇರೆಯೇ ಇದೆ. ಆ ಭಾಗ ಎಷ್ಟು ಬಿಸಿಯಾಗುತ್ತದೆ? ಅದರ ಮೇಲೆ ಎಳೆತ ಬೀಳುತ್ತದೆಯೇ, ಬರೀ ನೀರು ಅಥವಾ ಆಯಿಲ್ ತಡೆದರೆ ಸಾಕೇ? ಹತ್ತಿರದಲ್ಲಿ ಬೇರಿಂಗ್ ಕೂರುವ ಜಾಗ, ಸೈಲಿಂಡರ್ ಬೋರು ಅಥವಾ ಗ್ಯಾಸ್ಕೆಟ್ ಮುಖ ಇದೆಯೇ? ಬೆಸುಗೆಯಾದ ಮೇಲೆ ಅಲ್ಲಿ ಲೇತಿನಲ್ಲಿ ಕತ್ತರಿಸುವುದಿದೆಯೇ? ಈ ನಾಲ್ಕಕ್ಕೆ ಉತ್ತರ ಸಿಕ್ಕಿತೆಂದರೆ ವಿಧಾನ ಮುಕ್ಕಾಲು ಪಾಲು ಆರಿಸಿದಂತೆಯೇ.

ಬೀಡು ಬೆಸುಗೆಗೆ ಯಾಕೆ ಸುಲಭವಾಗಿ ಒಗ್ಗುವುದಿಲ್ಲ

ಎಂಜಿನ್ ಬ್ಲಾಕಿನ ಬೂದು ಬೀಡಿನಲ್ಲಿ ಇಂಗಾಲ ಸುಮಾರು ಶೇ. 2.5ರಿಂದ 4ರಷ್ಟು, ಸಿಲಿಕಾನ್ ಶೇ. 1ರಿಂದ 3ರಷ್ಟು ಇರುತ್ತದೆ. ಮಾಮೂಲಿ ಸ್ಟೀಲಿನಲ್ಲಿ ಇಂಗಾಲ ಶೇ. 0.2ರ ಆಸುಪಾಸು ಮಾತ್ರ. ಬೀಡಿನ ಇಂಗಾಲದಲ್ಲಿ ಹೆಚ್ಚಿನದು ಗ್ರಾಫೈಟಿನ ತೆಳು ಪದರಗಳಾಗಿ ಲೋಹದೊಳಗೆ ಚದುರಿಕೊಂಡಿರುತ್ತದೆ. ಬೀಡು ಲೇತಿನಲ್ಲಿ ಹಗುರವಾಗಿ ಕತ್ತರಿಸುವುದು, ಅದುರುವಿಕೆಯನ್ನು ಹೀರಿಕೊಳ್ಳುವುದು ಈ ಪದರಗಳ ದೆಸೆಯಿಂದಲೇ. ಎಳೆತ ಬಿದ್ದಾಗ ಹಿಗ್ಗದೆ ಪಟ್ಟನೆ ಒಡೆಯುವುದೂ ಅವುಗಳಿಂದಲೇ.

ಬೆಸುಗೆ ಹಾಕುವಾಗ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಕರಗಿದ ಅಂಚಿನಲ್ಲಿ ಗ್ರಾಫೈಟ್ ಲೋಹದಲ್ಲಿ ಕರಗುತ್ತದೆ. ಸುತ್ತಲಿನ ತಣ್ಣನೆಯ ಬೀಡು ಶಾಖವನ್ನು ಬೇಗನೆ ಎಳೆದುಕೊಳ್ಳುವುದರಿಂದ ಆ ಇಂಗಾಲಕ್ಕೆ ಮತ್ತೆ ಗ್ರಾಫೈಟಾಗಲು ಸಮಯ ಸಿಗದೆ ಕಾರ್ಬೈಡ್ ಆಗಿ ಗಟ್ಟಿಯಾಗುತ್ತದೆ. ಇದೇ ಬಿಳಿ ಬೀಡು, ಗಾಜಿನಷ್ಟು ಪೆಡಸು. ಅದರ ಪಕ್ಕದಲ್ಲೇ ಕರಗದಿದ್ದರೂ 750 ಡಿಗ್ರಿಗಿಂತ ಹೆಚ್ಚು ಕಾದ ಪಟ್ಟಿಯಲ್ಲಿ ಮಾರ್ಟೆನ್ಸೈಟ್ ಎಂಬ ಇನ್ನೊಂದು ಗಡಸು ರೂಪ ಹುಟ್ಟುತ್ತದೆ. ಎರಡನೆಯ ಸಂಗತಿ ಕುಗ್ಗುವಿಕೆ. ತಣ್ಣಗಾಗುವ ಬೆಸುಗೆ ಕುಗ್ಗುತ್ತಾ ಎರಡೂ ಬದಿಯನ್ನು ಎಳೆಯುತ್ತದೆ. ಸ್ಟೀಲ್ ಆಗಿದ್ದರೆ ತುಸು ಹಿಗ್ಗಿಕೊಡುತ್ತಿತ್ತು, ಬೀಡು ಹಿಗ್ಗುವುದಿಲ್ಲ. ಬೆಸುಗೆಯ ಪಕ್ಕದಲ್ಲೇ, ಆ ಗಡಸು ಪಟ್ಟಿಯಗುಂಟ ‘ಟಿಕ್’ ಎಂದು ಬಿಟ್ಟುಕೊಳ್ಳುತ್ತದೆ. ಆ ಸದ್ದು ಕೇಳಿಸಿತೆಂದರೆ ಮಾಡಿದ್ದನ್ನು ಕಡಿದು ತೆಗೆದು ಮೊದಲಿನಿಂದ ಶುರು ಮಾಡಬೇಕು. ಮೇಲೆ ಇನ್ನೊಂದು ಪದರ ಎಳೆದು ಮುಚ್ಚಿದರೆ ಬಿರುಕು ಅಡಿಯಲ್ಲಿ ಹಾಗೇ ಇರುತ್ತದೆ.

ಮುಂದೆ ಹೇಳುವ ಪ್ರತಿ ವಿಧಾನವೂ ಈ ಎರಡು ತೊಂದರೆಗೆ, ಅಂದರೆ ಗಡಸಾಗುವುದಕ್ಕೆ ಮತ್ತು ಕುಗ್ಗುವುದಕ್ಕೆ, ಕಂಡುಕೊಂಡ ಬೇರೆಬೇರೆ ಪರಿಹಾರ.

ಮೊದಲು ಲೋಹ ಯಾವುದೆಂದು ನೋಡಿ

ಮ್ಯಾಗ್ನೆಟ್ ಹಿಡಿಯದಿದ್ದರೆ ಅದು ಅಲ್ಯೂಮಿನಿಯಂ, ಈ ಬರಹದ ವಿಷಯವಲ್ಲ. ಹಿಡಿದರೆ, ಒಡೆದ ಮುಖದ ಬಣ್ಣ ನೋಡಿ. ಕಪ್ಪುಛಾಯೆಯ ಬೂದು ಇದ್ದರೆ ಬೂದು ಬೀಡು. ಬೆಳ್ಳಗೆ ಹೊಳೆದರೆ ಬಿಳಿ ಬೀಡು, ಅದಕ್ಕೆ ಬೆಸುಗೆಯ ಯೋಚನೆ ಬೇಡ. ಅಂಚಿಗೆ ಚೂಪಾದ ಉಳಿಯಿಂದ ಹೊಡೆದಾಗ ಚೂರುಚೂರಾಗಿ ಉದುರಿದರೆ ಬೂದು ಬೀಡು. ಸುರುಳಿಯಾಗಿ ಏಳುತ್ತಿದ್ದರೆ ಎರಕದ ಸ್ಟೀಲ್ ಅಥವಾ ಡಕ್ಟೈಲ್ ಬೀಡು, ಅಂದರೆ ಒಡೆಯದೆ ತುಸು ಬಾಗಬಲ್ಲ ಬೀಡು. ಗ್ರೈಂಡರಿಗೆ ಹಿಡಿದಾಗ ಬೀಡಿನ ಕಿಡಿ ಗಿಡ್ಡ, ಮಂಕು ಕೆಂಪು, ತುದಿಯಲ್ಲಿ ಸಣ್ಣಗೆ ಕವಲೊಡೆಯುತ್ತದೆ. ಸ್ಟೀಲಿನ ಕಿಡಿ ಉದ್ದವಾಗಿ ಹಳದಿ ಬಿಳುಪಾಗಿ ಹಾರುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಬೂದು ಬೀಡು ಮಂದವಾಗಿ ಸದ್ದು ಮಾಡುತ್ತದೆ, ಡಕ್ಟೈಲ್ ಬೀಡು ಗಂಟೆಯ ದನಿ ಕೊಡುತ್ತದೆ.

ಬೆಸುಗೆ ಹಾಕಬಾರದ ಭಾಗಗಳು

ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಶಾಫ್ಟ್, ಮೈನ್ ಬೇರಿಂಗ್ ಕ್ಯಾಪ್. ಇವುಗಳ ಮೇಲೆ ಪ್ರತಿ ಸುತ್ತಿಗೂ ಎಳೆತ, ಒತ್ತಡ ತಿರುಗುಮುರುಗಾಗಿ ಬೀಳುತ್ತದೆ. ಬೆಸುಗೆ ದಣಿದು ಒಡೆಯುವುದು ಖಚಿತ. ಎಲ್ಲಕ್ಕಿಂತ ಮುಖ್ಯವಾಗಿ ಬಿರುಕು ಬಿಟ್ಟ ಫ್ಲೈವೀಲನ್ನು ಬೆಸೆದು ಮತ್ತೆ ತಿರುಗಿಸಬೇಡಿ. ನಿಧಾನಗತಿಯ ಎಂಜಿನ್ನಿನ ಭಾರೀ ಫ್ಲೈವೀಲಾದರೂ ಓಡುವಾಗ ಸಿಡಿದರೆ ಶೆಡ್ಡಿನ ಗೋಡೆ ಅದನ್ನು ತಡೆಯುವುದಿಲ್ಲ, ಪಕ್ಕದಲ್ಲಿದ್ದವರು ಉಳಿಯುವುದಿಲ್ಲ. ಎಷ್ಟೇ ಖರ್ಚಾಗಲಿ ಬೇರೆ ಹಾಕಿ. ಸೈಲಿಂಡರ್ ಬೋರಿನ ಒಳಮುಖಕ್ಕೂ ಬೆಸುಗೆ ಬೇಡ; ಅಲ್ಲಿಗೆ ಬೋರ್ ಮಾಡಿ ಲೈನರ್ (ಒಳಗೆ ಕೂರಿಸುವ ಕೊಳವೆ) ಇಳಿಸುವುದೇ ಸರಿ.

ತಣ್ಣನೆಯ ಆರ್ಕ್, ನಿಕ್ಕಲ್ ರಾಡ್

ಹಳ್ಳಿ, ತಾಲ್ಲೂಕಿನ ಲೇತ್ ಅಂಗಡಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ. ಭಾಗವನ್ನು ಪೂರ್ತಿ ಬಿಚ್ಚಬೇಕಿಲ್ಲ, ಕುಲುಮೆ ಬೇಡ, ಇರುವ ವೆಲ್ಡಿಂಗ್ ಮೆಷೀನೇ ಸಾಕು. ನಿಕ್ಕಲ್ ಇಂಗಾಲದೊಂದಿಗೆ ಕಾರ್ಬೈಡ್ ಕಟ್ಟುವುದಿಲ್ಲ, ಹೆಚ್ಚಿನ ಇಂಗಾಲವನ್ನು ಗ್ರಾಫೈಟಾಗಿ ಹೊರಹಾಕುತ್ತದೆ. ಹಾಗೆ ಹೊರಬಂದ ಗ್ರಾಫೈಟ್ ಜಾಗ ಹಿಡಿಯುವುದರಿಂದ ಬೆಸುಗೆ ಕುಗ್ಗುವುದೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಇದರಲ್ಲಿ ಎರಡು ಜಾತಿಯ ರಾಡ್ ಇವೆ. ಪೊಟ್ಟಣದ ಮೇಲೆ ಇ-ಎನ್‌ಐ-ಸಿಐ ಎಂದಿದ್ದರೆ ಹೆಚ್ಚುಕಡಿಮೆ ಪೂರ್ತಿ ನಿಕ್ಕಲ್. ಮೆತ್ತಗಿನ ಬೆಸುಗೆ, ಅರದಿಂದ ಉಜ್ಜಬಹುದು, ಡ್ರಿಲ್ ಹಾಕಿ ಟ್ಯಾಪ್ ತೆಗೆಯಬಹುದು, ಅಂದರೆ ತೂತಿನೊಳಗೆ ಥ್ರೆಡ್ ಕೊರೆಯಬಹುದು. 4ರಿಂದ 8 ಮಿ.ಮೀ. ದಪ್ಪದ ನೀರಿನ ಜಾಕೆಟ್ (ಎಂಜಿನ್ ತಂಪಾಗಿಡುವ ನೀರು ಹರಿಯುವ ಪೊಳ್ಳು) ಗೋಡೆ, ಬೆಸುಗೆಯ ಮೇಲೆ ಗ್ಯಾಸ್ಕೆಟ್ ಕೂರಿಸಬೇಕಾದ ಜಾಗ, ಇವಕ್ಕೆ ಇದು. ಇ-ಎನ್‌ಐ-ಎಫ್‌ಇ-ಸಿಐ ಎಂದಿದ್ದರೆ ಸುಮಾರು ಶೇ. 55 ನಿಕ್ಕಲ್, ಉಳಿದದ್ದು ಕಬ್ಬಿಣ. ಇದು ಹೆಚ್ಚು ಗಟ್ಟಿ, ಬೀಡಿನಲ್ಲಿ ರಂಜಕ ತುಸು ಹೆಚ್ಚಿದ್ದರೂ ಬಿರುಕಿಗೆ ಅಷ್ಟು ಬೇಗ ಒಳಗಾಗುವುದಿಲ್ಲ, ಡಕ್ಟೈಲ್ ಬೀಡಿಗೂ ಸ್ಟೀಲ್ ತೇಪೆಗೂ ಹೊಂದುತ್ತದೆ. ದಪ್ಪ ಕಿವಿ, ಕಾಲು, ಹೌಸಿಂಗ್, ಮ್ಯಾನಿಫೋಲ್ಡ್‌ಗೆ ಇದನ್ನೇ ಆರಿಸಿ. ದಪ್ಪ ಕೆಲಸದಲ್ಲಿ ಎರಡನ್ನೂ ಕೂಡಿಸುವುದುಂಟು: ಬೆಸುಗೆ ತುಂಬಲು ಬಿರುಕಿನಗುಂಟ ಕಡಿದ ಗ್ರೂವಿನ ಅಂಚುಗಳಿಗೆ ಶುದ್ಧ ನಿಕ್ಕಲಿನ ಒಂದು ಪದರ ಸವರಿ, ಒಳಗಿನ ತುಂಬುವಿಕೆಗೆ ನಿಕ್ಕಲ್-ಕಬ್ಬಿಣ.

ಈ ರಾಡುಗಳ ಬೆಲೆ ಮಾಮೂಲಿ ರಾಡಿನ ಹಲವು ಪಟ್ಟು. ಅದಕ್ಕೇ ಹಲವೆಡೆ ಬಿಡಿಬಿಡಿಯಾಗಿ ಲೆಕ್ಕ ಹಾಕಿ ಮಾರುತ್ತಾರೆ, ಅದಕ್ಕೇ ‘ಮೊದಲು ಸ್ಟೀಲ್ ರಾಡ್ ಹಾಕಿ ನೋಡೋಣ’ ಎಂಬ ಮಾತೂ ಬರುತ್ತದೆ. ಆ ಮಾತಿಗೆ ಒಪ್ಪಬೇಡಿ. ಸ್ಟೀಲ್ ಬೆಸುಗೆ ಬೀಡಿನ ಇಂಗಾಲ ಹೀರಿ ತಾನೂ ಗಡುಸಾಗುತ್ತದೆ, ಕುಗ್ಗುವಿಕೆಯೂ ಹೆಚ್ಚು. ಕತ್ತರಿಸುವುದು, ಆಯಿಲ್ ತಡೆಯುವುದು ಏನೂ ಬೇಕಿಲ್ಲದ, ಬರೀ ನಿಂತರೆ ಸಾಕೆನ್ನುವ ಭಾಗಕ್ಕೆ ಹಾಕಬಹುದು, ಎಂಜಿನ್ನಿನಲ್ಲಿ ಅಂಥ ಭಾಗಗಳು ವಿರಳ. ಸ್ಟೀಲ್ ತಂತಿಯ ಮಿಗ್ ವೆಲ್ಡಿಂಗಿಗೂ ಇದೇ ಮಾತು.

ತಣ್ಣನೆಯ ವಿಧಾನದ ಗುಟ್ಟು ಅವಸರ ಮಾಡದಿರುವುದು. 2.5 ಮಿ.ಮೀ. ರಾಡಿಗೆ 60ರಿಂದ 80 ಆಂಪಿಯರ್, 3.15ಕ್ಕೆ 80ರಿಂದ 110, ಪೊಟ್ಟಣದಲ್ಲಿ ಹೇಳಿದ ವ್ಯಾಪ್ತಿಯಲ್ಲಿ ಕೆಳಗಿನ ತುದಿ. ಕರೆಂಟ್ ಹೆಚ್ಚಿದಷ್ಟೂ ಬೀಡು ಹೆಚ್ಚು ಕರಗಿ ನಿಕ್ಕಲಿಗೆ ಬೆರೆಯುತ್ತದೆ, ಗಡಸು ಪಟ್ಟಿ ಅಗಲವಾಗುತ್ತದೆ. ಒಂದು ಸಲಕ್ಕೆ 25 ಮಿ.ಮೀ. ಉದ್ದ, ಅಷ್ಟೇ. ರಾಡನ್ನು ಅಡ್ಡಡ್ಡ ಆಡಿಸದೆ ನೇರ ಎಳೆಯಿರಿ, ಕೊನೆಯ ಗುಳಿಯನ್ನು ತುಂಬಿಸಿಯೇ ನಿಲ್ಲಿಸಿ. ನಿಲ್ಲಿಸಿದ ಕೂಡಲೇ, ಬೆಸುಗೆ ಇನ್ನೂ ಬಿಸಿಯಿರುವಾಗಲೇ, ಗುಂಡು ತಲೆಯ ಸಣ್ಣ ಸುತ್ತಿಗೆಯಿಂದ ಹಗುರವಾಗಿ, ಬಿಡದೆ ತಟ್ಟಿ. ಪ್ರತಿ ತಟ್ಟೂ ಕುಗ್ಗುತ್ತಿರುವ ಲೋಹವನ್ನು ಹರಡಿ ಎಳೆತವನ್ನು ಇಳಿಸುತ್ತದೆ. ತಣ್ಣಗಾದ ಮೇಲೆ ತಟ್ಟಿ ಫಲವಿಲ್ಲ, ಜೋರಾಗಿ ಹೊಡೆದರೆ ಬೀಡೇ ಒಡೆಯುತ್ತದೆ. ಬರಿಗೈ ಇಟ್ಟು ಹಿಡಿದುಕೊಳ್ಳುವಷ್ಟು ಆರುವತನಕ ಮುಂದಿನ ತುಂಡು ಹಾಕಬೇಡಿ. ನೀರು ಹಾಕಿ, ಏರ್ ಹೊಡೆದು ಆರಿಸುವುದಂತೂ ಬೇಡವೇ ಬೇಡ.

150 ಮಿ.ಮೀ. ಉದ್ದದ ಬಿರುಕನ್ನು ಆರು ತುಂಡು ಮಾಡಿ 1, 4, 2, 5, 3, 6 ಎಂಬ ಕ್ರಮದಲ್ಲಿ ಹಾಕಿದರೆ ಶಾಖ ಒಂದೇ ಕಡೆ ಶೇಖರವಾಗುವುದಿಲ್ಲ. ಬಿರುಕಿನ ಒಂದು ತುದಿ ಬ್ಲಾಕಿನ ಅಂಚಿಗೆ ತೆರೆದುಕೊಂಡಿದ್ದರೆ ಮಾತ್ರ ಮುಚ್ಚಿದ ತುದಿಯಿಂದ ಶುರು ಮಾಡಿ ಅಂಚಿನ ಕಡೆಗೆ ಬನ್ನಿ. ಆಗ ಕುಗ್ಗುವ ಲೋಹಕ್ಕೆ ಹೊರಳಲು ಒಂದು ಬದಿ ಸಿಗುತ್ತದೆ.

ಅರ್ಧಮರ್ಧ ಕಾಯಿಸುವುದು ಇಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ಬ್ಲಾಕಿನ ನಡುವೆ ಬಿರುಕಿನ ಸುತ್ತ ಮಾತ್ರ ಗ್ಯಾಸಿನಿಂದ ಕೆಂಪಗೆ ಕಾಯಿಸಿದರೆ ಆ ಭಾಗ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ಗೋಡೆ ಬಿಡುವುದಿಲ್ಲ. ಆರುವಾಗ ಕುಗ್ಗಿ ಪಕ್ಕದಲ್ಲಿ ಹೊಸ ಬಿರುಕು ಬರುತ್ತದೆ. ತಣ್ಣಗೆ ಮಾಡುವುದಾದರೆ ಕೊನೆವರೆಗೂ ತಣ್ಣಗೆ, ಕಾಯಿಸುವುದಾದರೆ ಇಡೀ ಭಾಗವನ್ನು ಸಮನಾಗಿ. ನಡುವಿನಲ್ಲಿ ದಾರಿ ಬದಲಿಸಬೇಡಿ.

ಈ ವಿಧಾನದ ಮಿತಿಯನ್ನೂ ಹೇಳಬೇಕು. ಬೆಸುಗೆ ಮೆತ್ತಗಿದ್ದರೂ ಅದರ ಅಂಚಿನ ತೆಳು ಗಡಸು ಗೆರೆ ಪೂರ್ತಿ ಹೋಗುವುದಿಲ್ಲ. ಎಳೆತ ಹೆಚ್ಚು ಬೀಳುವ ಕಡೆ ಬೆಸುಗೆ ಆ ಗೆರೆಯಗುಂಟ ಸಿಪ್ಪೆಯಂತೆ ಬಿಡಬಹುದು. ಅದಕ್ಕೆ ಹಳೆಯ, ನಂಬಬಹುದಾದ ಉಪಾಯ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟು. ಕಡಿದ ಗ್ರೂವಿನ ಎರಡೂ ಬದಿಗೆ ಡ್ರಿಲ್ ಹಾಕಿ, ಟ್ಯಾಪ್ ತೆಗೆದು, 6ರಿಂದ 10 ಮಿ.ಮೀ. ಸ್ಟೀಲ್ ಸ್ಟಡ್‌ಗಳನ್ನು ಕನಿಷ್ಠ ಅವುಗಳ ದಪ್ಪದಷ್ಟಾದರೂ ಆಳಕ್ಕೆ ತಿರುಗಿಸಿ, 5–6 ಮಿ.ಮೀ. ಹೊರಗೆ ಬಿಡಬೇಕು. ಎಲ್ಲ ಸ್ಟಡ್‌ಗಳ ಅಡ್ಡಕೊಯ್ತ ಸೇರಿ ಬೆಸುಗೆ ಮುಖದ ಶೇ. 25ರಿಂದ 35ರಷ್ಟಿರಲಿ. ಮೊದಲು ಪ್ರತಿ ಸ್ಟಡ್ಡಿನ ಸುತ್ತ ಬೆಸೆದು, ಆಮೇಲೆ ನಡುವೆ ತುಂಬಿ. ಆಗ ಭಾರವನ್ನು ಸ್ಟಡ್ ಹೊರುತ್ತದೆ, ಆ ಗೆರೆಯ ಮೇಲೆ ಬೀಳುವುದಿಲ್ಲ. 1917ರಲ್ಲಿ ಅಮೆರಿಕ ತನ್ನ ಬಂದರುಗಳಲ್ಲಿದ್ದ ಜರ್ಮನ್ ಹಡಗುಗಳನ್ನು ವಶಪಡಿಸಿಕೊಂಡಾಗ ಅವುಗಳ ಸಿಬ್ಬಂದಿ ಬೀಡಿನ ಉಗಿ ಸಿಲಿಂಡರ್‌ಗಳನ್ನು ಮೊದಲೇ ಒಡೆದುಹಾಕಿದ್ದರು. ಹೊಸ ಎರಕ ಹೊಯ್ಯಲು ಸಮಯವಿರಲಿಲ್ಲ. ಆರ್ಕ್ ವೆಲ್ಡಿಂಗಿನಿಂದ ತೇಪೆ ಹಾಕಿ ಅವನ್ನು ಮತ್ತೆ ಸಮುದ್ರಕ್ಕಿಳಿಸಿದರು, ಆಗಲೂ ಸ್ಟಡ್ ಹಾಕಿಯೇ ಬೆಸೆದಿದ್ದರು. ನಿಕ್ಕಲ್ ರಾಡ್ ಬಳಕೆಗೆ ಬರುವ ಮೊದಲಿನ ಮಾತದು.

ಇಡೀ ಭಾಗವನ್ನು ಕಾಯಿಸಿ, ಗ್ಯಾಸಿನಲ್ಲಿ ಬೀಡಿಗೆ ಬೀಡನ್ನೇ ಬೆಸೆಯುವುದು

ಫಲಿತಾಂಶದ ದೃಷ್ಟಿಯಿಂದ ಇದನ್ನು ಮೀರಿಸಿದ್ದಿಲ್ಲ. ಬೆಸುಗೆಯೂ ಬೂದು ಬೀಡೇ ಆಗಿರುವುದರಿಂದ ಬಣ್ಣ, ಗಡಸುತನ, ಕಾದಾಗ ಹಿಗ್ಗುವ ಪ್ರಮಾಣ ಎಲ್ಲ ಒಂದೇ. ಹೆಡ್ಡಿನ ವಾಲ್ವ್‌ಗಳ ನಡುವಿನ ಬಿರುಕಿಗೆ, ಸದಾ ಕಾಯುವ ಮ್ಯಾನಿಫೋಲ್ಡಿಗೆ ಇದೇ ಉತ್ತಮ. ಆದರೆ ಶ್ರಮ, ಇಂಧನ, ಸಮಯ ಮೂರೂ ಬೇಡುತ್ತದೆ.

ಭಾಗವನ್ನು ಪೂರ್ತಿ ಬಿಚ್ಚಬೇಕು: ವಾಲ್ವ್ ಗೈಡ್, ಸೀಟ್, ಕೋರ್ ಪ್ಲಗ್, ಬುಷ್, ಬೇರಿಂಗ್ ಎಲ್ಲ ಹೊರಗೆ. ಇಟ್ಟಿಗೆ ಜೋಡಿಸಿ ತಾತ್ಕಾಲಿಕ ಕುಲುಮೆ ಕಟ್ಟಿ ಇದ್ದಿಲಿನಿಂದ ಅಥವಾ ಬರ್ನರ್‌ನಿಂದ ನಿಧಾನವಾಗಿ 550ರಿಂದ 650 ಡಿಗ್ರಿಗೆ ಏರಿಸಬೇಕು. ಮೊದಲ 300 ಡಿಗ್ರಿವರೆಗೆ ಅವಸರಪಟ್ಟರೆ ತೆಳು ಗೋಡೆ ಮುಂದೆ, ದಪ್ಪ ಗೋಡೆ ಹಿಂದೆ ಉಳಿದು ಕುಲುಮೆಯಲ್ಲೇ ಸೀಳುತ್ತದೆ. ನೆರಳಿನಲ್ಲಿ ನೋಡಿದಾಗ ಮಾಸಲು ಕೆಂಪು ಆಗಷ್ಟೇ ಕಾಣತೊಡಗಿದರೆ ಹದ ಬಂದಿದೆ. ಬಿಸಿಲಿನಲ್ಲಿ ಆ ಕೆಂಪು ಕಾಣುವುದಿಲ್ಲ; ಹೊರಗೆ ಕೆಲಸ ಮಾಡಿದವರು ಮಿತಿಮೀರಿ ಕಾಯಿಸುವುದು ಅದರಿಂದಲೇ. ತಾಪ ತೋರಿಸುವ ಕ್ರೇಯಾನ್ ಇಟ್ಟುಕೊಳ್ಳುವುದು ಒಳ್ಳೆಯದು. 750 ದಾಟಿಸಬಾರದು.

ತುಂಬುವ ರಾಡ್ ಬೀಡಿನದೇ, ಸಿಲಿಕಾನ್ ಶೇ. 3ರ ಆಸುಪಾಸಿನದು, ಆರುವಾಗ ಇಂಗಾಲ ಗ್ರಾಫೈಟಾಗಿ ಬರಲು ಸಿಲಿಕಾನ್ ಬೇಕು. ಹಳೆಯ ಪಿಸ್ಟನ್ ರಿಂಗ್ ತುಂಡುಗಳನ್ನು ರಾಡಾಗಿ ಬಳಸಬೇಡಿ, ಅವುಗಳಲ್ಲಿ ಕ್ರೋಮ್ ಲೇಪ, ಹೆಚ್ಚಿನ ರಂಜಕ ಇರುವುದುಂಟು. ಜ್ವಾಲೆ ಸಮತೋಲದ್ದು, ಅಂದರೆ ಆಕ್ಸಿಜನ್ನೂ ಹೆಚ್ಚಾಗದೆ ಅಸಿಟಿಲೀನೂ ಹೆಚ್ಚಾಗದೆ ಇರುವಂಥದ್ದು. ಫ್ಲಕ್ಸ್ (ಲೋಹದ ಕಸ ಬಿಡಿಸುವ ಪುಡಿ) ಅದ್ದಿದ ರಾಡಿನಿಂದ ಕರಗಿದ ಕೊಳವನ್ನು ಕಲಕುತ್ತಾ ಕಸವನ್ನು ಮೇಲಕ್ಕೆ ತನ್ನಿ. ಕರಗಿದ ಬೀಡು ನೀರಿನಂತೆ ಹರಿಯುವುದರಿಂದ ಮಟ್ಟಸವಾಗಿಟ್ಟೇ ಕೆಲಸ ಮಾಡಬೇಕು, ಅಡಿಗೆ ಗ್ರಾಫೈಟ್ ಫಲಕ ಅಥವಾ ಕುಲುಮೆ ಮಣ್ಣಿನ ಆಸರೆ ಕೊಡಬೇಕು.

ನಿಜವಾದ ಪರೀಕ್ಷೆ ಆರಿಸುವಾಗ. ಮತ್ತೊಮ್ಮೆ ಇಡೀ ಭಾಗವನ್ನು 600 ಡಿಗ್ರಿಗೆ ಸಮ ಮಾಡಿ, ಕುಲುಮೆಯಲ್ಲೇ ಮುಚ್ಚಿಬಿಡಬೇಕು. ಕುಲುಮೆಯಿಂದ ತೆಗೆಯಲೇಬೇಕಾದರೆ ಒಣ ಬೂದಿ, ಸುಣ್ಣದ ಪುಡಿಯಲ್ಲಿ ಹೂಳಬೇಕು. ಒಂದಿಷ್ಟು ತೇವವಿದ್ದರೂ ಕೆಲಸ ಕೆಟ್ಟಿತು. ಗಂಟೆಗೆ 25ರಿಂದ 50 ಡಿಗ್ರಿ ಇಳಿದರೆ 600ರಿಂದ ಆರಲು 12ರಿಂದ 24 ಗಂಟೆ. ‘ಬೆಳಿಗ್ಗೆ ಕೊಟ್ಟು ಸಂಜೆ ಒಯ್ಯುತ್ತೇನೆ’ ಎನ್ನುವವರಿಗೆ ಈ ವಿಧಾನವಲ್ಲ. ಇಷ್ಟಾದ ಮೇಲೂ ಮುಖಗಳು ಸೊಟ್ಟಗಾಗಿರುತ್ತವೆ. ಸರ್ಫೇಸ್ ಗ್ರೈಂಡಿಂಗ್, ಸೀಟ್ ಕಟಿಂಗ್, ಬ್ಲಾಕಾದರೆ ಲೈನ್ ಬೋರಿಂಗ್, ಇವುಗಳ ಖರ್ಚನ್ನು ಮೊದಲೇ ಸೇರಿಸಿ ಲೆಕ್ಕ ಹಾಕಿ. ಸಣ್ಣ ಒಂಟಿ ಸಿಲಿಂಡರ್ ಎಂಜಿನ್ನಿಗೆ ಹೊಸ ಹೆಡ್ಡು ಸಿಗುತ್ತಿದ್ದರೆ ಇದಕ್ಕೆ ಕೈ ಹಾಕುವುದರಲ್ಲಿ ಅರ್ಥವಿಲ್ಲ. ಬಿಡಿಭಾಗ ನಿಂತುಹೋದ ಹಳೆಯ ಟ್ರ್ಯಾಕ್ಟರು, ಜನರೇಟರಿಗಾದರೆ ಇದೇ ಒಳ್ಳೆಯ ಆಯ್ಕೆ.

ಹಿತ್ತಾಳೆ ಬೆಸುಗೆ

ಇದನ್ನು ಹಳೆಯ ಕಾಲದ ಕೆಲಸ ಎಂದು ಬದಿಗೆ ಸರಿಸುವುದು ತಪ್ಪು. ಇಲ್ಲಿ ಬೀಡು ಕರಗುವುದೇ ಇಲ್ಲ. ಸುಮಾರು 900 ಡಿಗ್ರಿಗೆ ಕರಗುವ ಹಿತ್ತಾಳೆ ಬೀಡಿನ ಮೈಗೆ ಹರಡಿ ಅಂಟುತ್ತದೆ. ಕರಗದ್ದರಿಂದ ಬಿಳಿ ಬೀಡು ಹುಟ್ಟುವುದಿಲ್ಲ, ಹಿತ್ತಾಳೆ ಮೆತ್ತಗಿರುವುದರಿಂದ ಕುಗ್ಗುವಾಗ ತಾನೇ ಹಿಗ್ಗಿಕೊಡುತ್ತದೆ. ಚೆನ್ನಾಗಿ ಹತ್ತಿದ ಜೋಡಣೆ ಸಾಮಾನ್ಯ ಬೂದು ಬೀಡಿನಷ್ಟೇ ಎಳೆತ ತಡೆಯುತ್ತದೆ. ಮುರಿದ ಎಂಜಿನ್ ಕಾಲು, ಬ್ರ್ಯಾಕೆಟ್ಟಿನ ಕಿವಿ, ಗೇರ್‌ಬಾಕ್ಸ್ ಹೌಸಿಂಗಿನ ಅಂಚು, ಪಂಪಿನ ಕೇಸಿಂಗ್, ಇವಕ್ಕೆಲ್ಲ ನಿಕ್ಕಲಿಗಿಂತ ಮೊದಲು ಇದನ್ನು ಯೋಚಿಸಬೇಕು.

ಗ್ರೂವ್ ಅಗಲವಾಗಿ, ಸುಮಾರು 90 ಡಿಗ್ರಿ ಕೋನದಲ್ಲಿ ತೆರೆದು, ಬದಿಯಲ್ಲೂ ಒಂದು ಸೆಂಟಿಮೀಟರಿನಷ್ಟು ಬೀಡನ್ನು ಶುಚಿ ಮಾಡಿ. ಹಿತ್ತಾಳೆಗೆ ಶತ್ರು ಗ್ರಾಫೈಟ್. ಗ್ರೈಂಡರ್ ಕಲ್ಲು ಗ್ರಾಫೈಟನ್ನು ಮೈತುಂಬ ಸವರಿಬಿಡುತ್ತದೆ, ನೋಡಲು ಹೊಳೆದರೂ ಹಿತ್ತಾಳೆ ಹತ್ತದೆ ಗುಂಡುಗುಂಡಾಗಿ ಉರುಳುತ್ತದೆ. ಕೊನೆಯ ಕೈಯನ್ನು ಅರದಿಂದ ಮಾಡಿ, ಆಕ್ಸಿಜನ್ ತುಸು ಹೆಚ್ಚಿರುವ ಜ್ವಾಲೆಯಿಂದ ಮೈಯ ಗ್ರಾಫೈಟನ್ನು ಸುಟ್ಟು, ವೈರ್ ಬ್ರಷ್ ಉಜ್ಜಿ. ಭಾಗವನ್ನು 300–450 ಡಿಗ್ರಿಗೆ ಸಮನಾಗಿ ಕಾಯಿಸಿ, ಬೊರಾಕ್ಸ್ ಬೆರೆತ ಫ್ಲಕ್ಸ್ ಹಾಕಿ, ಮೊದಲು ತೆಳುವಾಗಿ ಸವರಿ, ಅದು ಹರಡಿದ ಮೇಲೆ ತುಂಬಿ. ಬಿಳಿ ಹೊಗೆ ಎದ್ದರೆ ಸತು ಕುದಿಯುತ್ತಿದೆ, ಜ್ವಾಲೆ ಹಿಂದಕ್ಕೆ ತೆಗೆಯಿರಿ. ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಬೇಡ. ಆರಿಸುವುದು ಇಲ್ಲೂ ಬೂದಿಯಲ್ಲಿ, ನಿಧಾನ.

ಎಲ್ಲಿ ಬೇಡ? 250 ಡಿಗ್ರಿ ದಾಟಿದರೆ ಹಿತ್ತಾಳೆಯ ಬಲ ಇಳಿಯತೊಡಗುತ್ತದೆ. ಮ್ಯಾನಿಫೋಲ್ಡು, ಹೆಡ್ಡಿನ ಬೆಂಕಿ ಮುಖ, ಎಕ್ಸಾಸ್ಟ್ ಪೋರ್ಟು ಎಲ್ಲೂ ಸಲ್ಲದು. ಮೊದಲೇ ಹೇಳಿದಂತೆ ಒಮ್ಮೆ ಹಿತ್ತಾಳೆ ಹಾಕಿದರೆ ಮತ್ತೆ ಹಿತ್ತಾಳೆಯೇ ಗತಿ. ಮುಂದೆ ನಿಕ್ಕಲ್ ಹಾಕಬೇಕೆಂದರೆ ಆ ಲೋಹವೆಲ್ಲ ಹೋಗುವಂತೆ ಹೊಸ ಬೀಡು ಕಾಣುವತನಕ ಕಡಿಯಬೇಕು.

ಬೆಂಕಿಯಿಲ್ಲದೆ: ಹೊಲಿಗೆ, ತೇಪೆ, ಪುಟ್ಟಿ

ಬಿರುಕು ಮೈನ್ ಬೇರಿಂಗ್ ಸುರಂಗದ ಪಕ್ಕ, ಬೋರಿನ ಪಕ್ಕ, ಸೊಟ್ಟಗಾದರೆ ಇಡೀ ಬ್ಲಾಕ್ ಹಾಳಾಗುವ ಕಡೆ ಇದ್ದರೆ ಶಾಖವೇ ಬೇಡ. ಅಲ್ಲಿಗೆ ಲೋಹದ ಹೊಲಿಗೆ. ಬಿರುಕಿನಗುಂಟ ತೂತು ಕೊರೆದು, ಟ್ಯಾಪ್ ತೆಗೆದು, ವಿಶೇಷ ಥ್ರೆಡ್ಡಿನ ಪಿನ್ ತಿರುಗಿಸಿ, ತಲೆ ಕತ್ತರಿಸಿ, ಮುಂದಿನ ತೂತನ್ನು ಹಿಂದಿನ ಪಿನ್ನಿನ ಅಂಚು ಕೊರೆಯುವಂತೆ ಹಾಕುತ್ತಾ ಹೋಗುವುದು. ನಡುನಡುವೆ ಬಿರುಕಿಗೆ ಅಡ್ಡವಾಗಿ ಬೀಗದಂಥ ಪಟ್ಟಿಗಳನ್ನು ಇಳಿಸುವುದು. ಬ್ಲಾಕ್ ಕಾಯುವುದಿಲ್ಲ, ಬಾಗುವುದಿಲ್ಲ, ಗಡಸು ಪಟ್ಟಿಯ ಮಾತೇ ಇಲ್ಲ. ಗೋಡೆ ಕನಿಷ್ಠ 5 ಮಿ.ಮೀ. ದಪ್ಪ ಇರಬೇಕು, ಕೈ ಪಳಗಿದವರು ಬೇಕು, ಪಿನ್‌ಗಳ ಬೆಲೆ ಹೆಚ್ಚು. ದೊಡ್ಡ ಜನರೇಟರ್, ಹಡಗು, ಕಂಪ್ರೆಸರ್ ಎಂಜಿನ್‌ಗಳಿಗೆ ಮೊದಲ ಆಯ್ಕೆ ಇದೇ.

ಕನೆಕ್ಟಿಂಗ್ ರಾಡ್ ಮುರಿದು ಕ್ರ್ಯಾಂಕ್‌ಕೇಸ್ ಗೋಡೆ ತೂತಾದಾಗ ಎಷ್ಟೋ ಸಲ ಬೆಸುಗೆಯ ಅಗತ್ಯವೇ ಇರುವುದಿಲ್ಲ. ಆ ಗೋಡೆ ತಡೆಯಬೇಕಾದ್ದು ಆಯಿಲನ್ನು ಮಾತ್ರ. 3 ಮಿ.ಮೀ. ಸ್ಟೀಲ್ ತಗಡನ್ನು ಗೋಡೆಯ ಆಕಾರಕ್ಕೆ ಬಾಗಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಗ್ಯಾಸ್ಕೆಟ್ ಮತ್ತು ಸೀಲೆಂಟ್ ಹಾಕಿ, 6 ಮಿ.ಮೀ. ಸ್ಕ್ರೂಗಳನ್ನು 20–25 ಮಿ.ಮೀ. ಅಂತರದಲ್ಲಿ ಬಿಗಿದರೆ ವರ್ಷಗಟ್ಟಲೆ ನಿಲ್ಲುತ್ತದೆ. ಬೆಸೆಯಲೇಬೇಕೆಂದರೆ ಒಡೆದ ಚೂರುಗಳನ್ನೆಲ್ಲ ಆಯಿಲ್ ಸಂಪಿನಿಂದಲೂ ಹೆಕ್ಕಿ ಜೋಪಾನ ಮಾಡಿ. ಚೂರು ಕಳೆದಿದ್ದರೆ ಸ್ಟೀಲ್ ತೇಪೆಯನ್ನು ಚಪ್ಪಟೆಯಾಗಿಡದೆ ತುಸು ಉಬ್ಬಿಸಿ ನಿಕ್ಕಲ್-ಕಬ್ಬಿಣ ರಾಡಿನಿಂದ ಬೆಸೆಯಿರಿ. ಉಬ್ಬು ತಗಡು ಕುಗ್ಗುವಿಕೆಗೆ ಮಣಿಯುತ್ತದೆ. ಅದಕ್ಕೂ ಮೊದಲು ಬೇರಿಂಗ್ ಸಾಲು, ಕ್ಯಾಮ್ ಸುರಂಗ, ಲೈನರ್ ಕೂರುವ ಅಂಚು ನೇರವಿವೆಯೇ ಎಂದು ಅಳೆಯಿರಿ. ಅವು ಕೆಟ್ಟಿದ್ದರೆ ತೂತು ಮುಚ್ಚಲು ದುಡ್ಡು ಹಾಕಬೇಡಿ.

ಎಪಾಕ್ಸಿ ಪುಟ್ಟಿ ನೀರಿನ ಜಾಕೆಟ್ಟಿನ ಹೊರಗೋಡೆಗೆ ಸರಿ, ಡಬ್ಬಿಯ ಮೇಲಿನ ತಾಪದ ಮಿತಿಯೊಳಗೆ. ಬೋರ್‌ವೆಲ್ಲಿನ ಗಡಸು ನೀರು ತುಂಬಿ ತುಂಬಿ ಒಳಗಿನಿಂದ ತುಕ್ಕು ತಿಂದ ಗೋಡೆಯಲ್ಲಿ ಇದು ಬೆಸುಗೆಗಿಂತ ಮೇಲು, ಏಕೆಂದರೆ 2 ಮಿ.ಮೀ.ಗೆ ಇಳಿದ ಗೋಡೆಗೆ ಆರ್ಕ್ ತಾಗಿದರೆ ತೂತು ದೊಡ್ಡದಾಗುತ್ತದೆ ಅಷ್ಟೇ.

ಯಾವ ವಿಧಾನವಾದರೂ ತಪ್ಪದ ತಯಾರಿ

ಬಿರುಕು ಕಣ್ಣಿಗೆ ಕಂಡಿದ್ದಕ್ಕಿಂತ ಉದ್ದವಿರುತ್ತದೆ. ಕೆಂಪು ದ್ರವದ ಡೈ ಪೆನಿಟ್ರಂಟ್ ಸ್ಪ್ರೇ ಇದ್ದರೆ ಹೊಡೆದು, 10–20 ನಿಮಿಷ ಬಿಟ್ಟು, ಒರೆಸಿ ಬಿಳಿ ಡೆವಲಪರ್ ಹಾಕಿ. ಇಲ್ಲವೇ ಸೀಮೆಎಣ್ಣೆ ಸವರಿ, ಒಣಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಿರಿ, ಒಳಗಿನ ಎಣ್ಣೆ ಹೊರಬಂದು ಗೆರೆ ಮೂಡುತ್ತದೆ. ಗೆರೆಯ ತುದಿಯಿಂದ ತುಸು ಮುಂದಕ್ಕೆ 3 ಮಿ.ಮೀ. ತೂತು ಹಾಕಿದರೆ ಬಿರುಕು ಅಲ್ಲಿಗೆ ನಿಲ್ಲುತ್ತದೆ. ತೂತನ್ನು ಗೆರೆಯ ತುದಿಗಿಂತ ಹಿಂದೆ ಹಾಕಿದರೆ ಏನೂ ಪ್ರಯೋಜನವಿಲ್ಲ.

ಹತ್ತಾರು ವರ್ಷ ಆಯಿಲ್ ಕುಡಿದ ಬೀಡು ಪೆಟ್ರೋಲಿನಲ್ಲಿ ತೊಳೆದ ಮಾತ್ರಕ್ಕೆ ಶುಚಿಯಾಗದು. ತೊಳೆದದ್ದು ಪೂರ್ತಿ ಆರಿದ ಮೇಲೆ, ಪಾತ್ರೆ, ಬಟ್ಟೆಗಳನ್ನು ದೂರವಿಟ್ಟು, ಗ್ಯಾಸಿನಿಂದ ಅಗಲವಾಗಿ, ನಿಧಾನವಾಗಿ 200–350 ಡಿಗ್ರಿಗೆ ಕಾಯಿಸಿ ಹೊಗೆ ನಿಲ್ಲುವತನಕ ಒರೆಸುತ್ತಿರಿ. ತಣ್ಣನೆಯ ವಿಧಾನವಾದರೆ ಆಮೇಲೆ ಪೂರ್ತಿ ಆರಲು ಬಿಡಿ. ಮೊದಲ ತುಂಡು ಬೆಸುಗೆಯಲ್ಲಿ ಗುಳ್ಳೆ ತೂತುಗಳು ಬಂದರೆ ಅದು ಎಣ್ಣೆಯ ಗುರುತು. ಅದನ್ನು ಕಡಿದು ತೆಗೆದು ಮತ್ತೆ ಹಾಕಿ, ಎರಡನೆಯದು ಶುದ್ಧವಾಗಿ ಕೂರುತ್ತದೆ.

ಮ್ಯಾನಿಫೋಲ್ಡಿಗೆ ಒಂದು ವಿಶೇಷ ಮಾತು. ಅದರ ಫ್ಲ್ಯಾಂಜ್‌ಗಳನ್ನು ದಪ್ಪ ಪ್ಲೇಟಿಗೆ ಬೋಲ್ಟ್ ಹಾಕಿ ಕಟ್ಟಿದ ಮೇಲೆಯೇ ಬೆಸೆದು, ಪೂರ್ತಿ ಆರಿದ ನಂತರ ಬಿಚ್ಚಿ. ಇಲ್ಲದಿದ್ದರೆ ಫ್ಲ್ಯಾಂಜ್‌ಗಳು ತಲೆಗೊಂದು ದಿಕ್ಕು ನೋಡುತ್ತವೆ. ವರ್ಷಗಟ್ಟಲೆ ಸುಟ್ಟು ಒಳಗೆಲ್ಲ ಆಕ್ಸೈಡ್ ಸೇರಿದ ಮ್ಯಾನಿಫೋಲ್ಡ್ ಯಾವ ರಾಡನ್ನೂ ಹಿಡಿಯುವುದಿಲ್ಲ. ಕಡಿದಾಗ ಒಳಗಿನ ಲೋಹ ಹೊಳೆಯದೆ ಕಪ್ಪಾಗಿ ಪುಡಿಪುಡಿಯಾಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.

ಬಿರುಕು ಯಾಕೆ ಬಂತು ಎಂಬುದಕ್ಕೂ ಉತ್ತರ ಬೇಕು. ನೀರು ಬತ್ತಿ ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ, ಬಿಸಿ ಗಾಜಿನ ಲೋಟಕ್ಕೆ ಸುರಿದಾಗ ಆಗುವುದೇ ಆಗುತ್ತದೆ. ಮ್ಯಾನಿಫೋಲ್ಡ್ ಒಡೆದದ್ದು ಸೈಲೆನ್ಸರಿನ ಆಸರೆ ಬ್ರ್ಯಾಕೆಟ್ ಕಳಚಿ ಅದರ ಭಾರವೆಲ್ಲ ಫ್ಲ್ಯಾಂಜಿನ ಮೇಲೆ ಬಿದ್ದಿದ್ದರಿಂದ ಇರಬಹುದು. ಎಂಜಿನ್ ಕಾಲು ಮುರಿದದ್ದು ಅಡಿಪಾಯದ ಮಟ್ಟ ತಪ್ಪಿ, ಬೋಲ್ಟ್ ಬಿಗಿದಾಗ ಕಾಲು ಬಾಗಿದ್ದರಿಂದ ಇರಬಹುದು. ಆ ಕಾರಣ ಹಾಗೇ ಉಳಿದರೆ ಹೊಸ ಬಿರುಕು ಬೆಸುಗೆಯ ಪಕ್ಕದಲ್ಲೇ ಕಾಣಿಸಿಕೊಳ್ಳುತ್ತದೆ.

ಜೋಡಿಸುವ ಮುನ್ನ

ಹೆಡ್ಡು, ಮುಚ್ಚಿದ ಜಾಕೆಟ್ಟಿನ ಬ್ಲಾಕಾದರೆ ನೀರಿನ ದಾರಿಗಳಿಗೆ ರಬ್ಬರ್ ಹಾಕಿದ ಪ್ಲೇಟ್ ಕಟ್ಟಿ, 70–80 ಡಿಗ್ರಿ ಬಿಸಿನೀರಿನಲ್ಲಿ ಮುಳುಗಿಸಿ, 2–3 ಬಾರ್ ಗಾಳಿ ಕೊಟ್ಟು ಗುಳ್ಳೆ ನೋಡಿ. ಅದಕ್ಕಿಂತ ಒತ್ತಡ ಏರಿಸಬೇಡಿ, ಪ್ಲೇಟ್ ಕಳಚಿದರೆ ಅಪಾಯ. ತಣ್ಣೀರಿನಲ್ಲಿ ಪಾಸಾದ ಬಿರುಕು ಬಿಸಿನೀರಿನಲ್ಲಿ ಬಾಯಿ ಬಿಡುವುದು ಸಾಮಾನ್ಯ, ಹಾಗಾಗಿ ಬಿಸಿನೀರನ್ನು ತಪ್ಪಿಸಬೇಡಿ. ತೆರೆದ ನೀರಿನ ತೊಟ್ಟಿಯ ಎಂಜಿನ್ ಆದರೆ ಜಾಕೆಟ್ಟಿಗೆ ಸೀಮೆಎಣ್ಣೆ ತುಂಬಿ, ಹೊರಗೆ ಸೀಮೆಸುಣ್ಣ ಬಳಿದು ರಾತ್ರಿಯೆಲ್ಲ ಬಿಡಬಹುದು, ಹತ್ತಿರ ಕಿಡಿ, ಬೀಡಿ ಬೇಡ.

ಗ್ಯಾಸ್ಕೆಟ್ ಮುಖದ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜಿನಿಂದ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನೋಡಿ, 0.10 ಮಿ.ಮೀ. ಗೇಜು ನುಸುಳಿದರೆ ಗ್ರೈಂಡಿಂಗಿಗೆ ಕಳಿಸಿ, ಎಂಜಿನ್ ಕೈಪಿಡಿಯ ಮಿತಿ ಅದಕ್ಕಿಂತ ಬಿಗಿಯಿದ್ದರೆ ಕೈಪಿಡಿಯನ್ನೇ ಅನುಸರಿಸಿ. ಮೊದಲ ಸಲ ಓಡಿಸುವಾಗ ಲೋಡ್ ಹಾಕದೆ ನಿಧಾನವಾಗಿ ಕಾಯಲು ಬಿಟ್ಟು, ನಿಲ್ಲಿಸಿ, ತಾನೇ ಪೂರ್ತಿ ಆರಿದ ಮೇಲೆ ಬೆಸುಗೆಯ ಅಂಚಿಗೆ ಇನ್ನೊಮ್ಮೆ ಸೀಮೆಎಣ್ಣೆ, ಸೀಮೆಸುಣ್ಣ ಹಿಡಿಯಿರಿ. ಗೆರೆ ಮೂಡದಿದ್ದರೆ ಆಮೇಲೆ ಲೋಡಿಗೆ ಹಾಕಿ.